ಗುರುತಿಲ್ಲದವರ ಸಾಲು

ಮಧ್ಯಾಹ್ನ ಮೂರು ನಲವತ್ತಕ್ಕೆ ಅವಳು ನೆಟ್‌ವರ್ಕ್ ನಿಯಂತ್ರಣ ಕೊಠಡಿಯಲ್ಲಿ ಆರಿದ ಚಹಾ ಕುಡಿಯುತ್ತಿದ್ದಳು. ಯಾವ ಮಾಹಿತಿ ಮೊದಲು ಹೋಗಬೇಕು, ಯಾವುದು ಕಾಯಬೇಕು ಎಂಬ ನಿಯಮ ಬರೆಯುವುದು ಅವಳ ಕೆಲಸ. ಜೊತೆಯವರ ಬಾಯಲ್ಲಿ ಅವಳು ‘ಸಾಲು ಮೇಡಂ’.

ಅಣ್ಣನ ಫೋನ್ ಬಂತು. “ನನ್ ಮಗಳು ಪುಟ್ಟಿ ತಲೆ ಸ್ಕ್ಯಾನು ಇಲ್ಲಿ ಕ್ಲಿನಿಕ್ಕಿಂದ ದೊಡ್ಡಾಸ್ಪತ್ರೆಗೆ ಇನ್ನೂ ತಲುಪಿಲ್ಲ ಕಣೇ. ಅದನ್ನ ನೋಡ್ದೆ ಡಾಕ್ಟ್ರು ಏನೂ ಹೇಳಲ್ವಂತೆ. ಮಗೂಗೆ ಎಚ್ಚರಾನೇ ಇಲ್ಲ!”

ಅವಳು ಹುಡುಕಿದಳು. ಅಣ್ಣನ ಊರಿನ ಕ್ಲಿನಿಕ್ಕಿನ ಹಳೆಯ ಯಂತ್ರ ತಾನು ಕಳಿಸುವುದಕ್ಕೆ ‘ತುರ್ತು’ ಎಂಬ ಗುರುತನ್ನೇ ಹಾಕುತ್ತಿರಲಿಲ್ಲ. ಗುರುತಿಲ್ಲದ್ದೆಲ್ಲ ಕೊನೆಯ ಸಾಲಿಗೆ ಬೀಳುತ್ತಿತ್ತು. ಅದರ ಮುಂದೆ ಯಾವುದೋ ಪಂದ್ಯದ ನೇರಪ್ರಸಾರ ಸಲೀಸಾಗಿ ಓಡುತ್ತಿತ್ತು. ನಿಯಮ ಬದಲಿಸಹೊರಟಳು. ಪರದೆ ಮೇಲಧಿಕಾರಿಯ ಒಪ್ಪಿಗೆ ಕೇಳಿತು. ಅವರು ವಿಮಾನದಲ್ಲಿದ್ದರು.

“ಕೊನೇ ಸಾಲಲ್ಲಿ ಸಿಕ್ಕಿದೆ ಅಣ್ಣಾ. ದಾರಿ ತುಂಬಾ ಕಿರಿದು.”

“ಅಷ್ಟು ಕಿರಿದಾಗಿ ಬಿಟ್ಟೋನು ಯಾವನೇ ಆ ಪುಣ್ಯಾತ್ಮ?”

ಗುರುತಿಲ್ಲದ್ದಕ್ಕೆ ದಾರಿಯಲ್ಲಿ ಎಷ್ಟು ಜಾಗ ಬಿಡೋಣ ಎಂದು ಹಿಂದೊಮ್ಮೆ ಸಭೆಯಲ್ಲಿ ಕೇಳಿದಾಗ, ತಲೆ ಎತ್ತದೆ ಅವಳೇ ಹೇಳಿದ್ದಳು: “ನೂರಕ್ಕೆ ಎರಡು.”