ಹಿತ್ತಲಿನ ಕಂದಕ

ದೆವ್ವ, ಅಶರೀರವಾಣಿ ಎಂದೆಲ್ಲ ಹೇಳುವವರನ್ನು ನಾನು ಯಾವತ್ತೂ ನಂಬಿದವನಲ್ಲ. ಬ್ರಿಸ್ಬೇನಿನ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಇಪ್ಪತ್ತೆಂಟು ವರ್ಷ ರಕ್ತ ಪರೀಕ್ಷೆ ಮಾಡಿದವನು. ಅಂಥ ಕಥೆ ಹೇಳಿದವರಿಗೆ, ‘ರಾತ್ರಿ ಊಟಕ್ಕೆ ಏನಿತ್ತು?’ ಎಂದು ಕೇಳುತ್ತಿದ್ದೆ. ಈಗ ನೀವು ನನ್ನನ್ನು ಹಾಗೆ ಕೇಳಿದರೂ ಬೇಸರವಿಲ್ಲ.

ನನ್ನ ಹೆಂಡತಿ ವಿಮಲಾ ತೀರಿಹೋಗಿ ಆಗ ಐದು ತಿಂಗಳಾಗಿತ್ತು. ಬ್ರಿಸ್ಬೇನಿನ ಟೂವಾಂಗ್ ಬಡಾವಣೆಯ ಮನೆ ಮಾರಿ ಪರ್ತ್‌ಗೆ ಬಂದುಬಿಡಿ ಎಂದು ಅಲ್ಲಿಯ ಎಲೆನ್‌ಬ್ರೂಕ್‌ನಲ್ಲಿರುವ ಮಗಳು ಸ್ಮಿತಾ ಒತ್ತಾಯಿಸುತ್ತಿದ್ದಳು. ನಾನೂ ಒಪ್ಪಿದ್ದೆ. ಉಳಿದದ್ದು ವಿಮಲಾ ಕುಂಡದಲ್ಲಿ ಬೆಳೆಸಿದ ಕರಿಬೇವು. ಪರ್ತ್ ಇರುವ ಪಶ್ಚಿಮ ಆಸ್ಟ್ರೇಲಿಯಾಕ್ಕೆ ಅದನ್ನು ಒಯ್ಯಲು ಕಾನೂನು ಬಿಡುವುದಿಲ್ಲ. ಇಲ್ಲಿಯ ನೆಲಕ್ಕಾದರೂ ಸೇರಿಸೋಣವೆಂದು ಒಂದು ಬೆಳಿಗ್ಗೆ ಸಲಿಕೆ ಹಿಡಿದೆ.

‘ಅಪ್ಪಾ, ಗುಂಡಿ ಮೊಣಕಾಲುದ್ದ ಸಾಕು. ಸೊಂಟ ಹಿಡ್ಕೊಂಡ್ರೆ ವೀಲ್‌ಚೇರಲ್ಲಿ ಫ್ಲೈಟ್ ಹತ್ಬೇಕಾಗತ್ತೆ,’ ಎಂದು ಸ್ಮಿತಾ ಫೋನಿನಲ್ಲಿ ನಕ್ಕಳು.

ಆಮೇಲಿನದು ಕನಸಿನಂತೆ ನೆನಪಿದೆ. ಮಣ್ಣು ತಾನಾಗಿ ಬಿಟ್ಟುಕೊಡುತ್ತಿತ್ತು. ಸುಸ್ತಾಗಲಿಲ್ಲ, ಹಸಿವಾಗಲಿಲ್ಲ. ಪಕ್ಕದಲ್ಲಿ ವಿಮಲಾ ನಿಂತಿದ್ದಳು. ತಿರುಗಿ ನೋಡಬೇಕೆನಿಸಲಿಲ್ಲ, ಅವಳು ಅಡುಗೆಮನೆಯಲ್ಲಿದ್ದಾಳೋ ಇಲ್ಲವೋ ಎಂದು ನಾನು ಯಾವತ್ತಾದರೂ ಇಣುಕಿ ನೋಡಿದ್ದೆನೇ? ‘ರೀ, ಇಲ್ಲಿಂದ ತಿರುಗ್ಸಿ. ನೇರ ಹೋದ್ರೆ ಎಲ್ರಿಗೂ ತಗಲತ್ತೆ,’ ಎಂದಳು. ಏನು ತಗಲುತ್ತದೆ ಎಂದು ಕೇಳಲಿಲ್ಲ. ತಿರುಗಿಸಿದೆ.

‘ಏನ್ ಡಿಯರ್, ಸ್ವಿಮ್ಮಿಂಗ್ ಪೂಲ್ ಕಟ್ತಿದ್ದೀಯಾ?’

ಪಕ್ಕದ ಮನೆಯ ಮಾರ್ಜರಿಯ ದನಿಗೆ ಎಚ್ಚರವಾಯಿತು. ಬಿಸಿಲು ಆಗಲೇ ಬೇಲಿಯಾಚೆ ಇಳಿದಿತ್ತು. ತೊಂಬತ್ತರ ಹತ್ತಿರದ ಈ ಅಜ್ಜಿ ಹುಟ್ಟಿದ್ದು ನಮ್ಮದೇ ಮನೆಯಲ್ಲಿ. ಪಕ್ಕದ ಮನೆ ಹುಡುಗನನ್ನು ಮದುವೆಯಾಗಿ ಇಪ್ಪತ್ತು ಹೆಜ್ಜೆಯಲ್ಲಿ ಗಂಡನ ಮನೆ ಸೇರಿದೆ ಎಂದು ತಮಾಷೆ ಮಾಡುವವಳು. ನಗುತ್ತಲೇ ಬಂದವಳು ಹತ್ತಿರವಾಗುತ್ತಿದ್ದಂತೆ ಊರುಗೋಲೂರಿ ಬಗ್ಗಿ ಒಳಗೆ ನೋಡಿದಳು.

ನಾನೂ ಆಗಲೇ ಸರಿಯಾಗಿ ನೋಡಿದ್ದು. ಗುಂಡಿಯಲ್ಲ, ತೊಡೆಯಾಳದ ಉದ್ದನೆಯ ಕಂದಕ. ನಡುವೆ ಮೊಣಕೈಯಂತೆ ಬಾಗಿತ್ತು. ತುದಿಯಲ್ಲಿ ಮಣ್ಣಿನ ಗೋಡೆ ಕೊರೆದು ಪುಟ್ಟ ಕಟ್ಟೆಯೊಂದನ್ನು ಮಾಡಿದ್ದೆ, ದೊಡ್ಡವರು ಕೂರುವಂಥದ್ದಲ್ಲ.

ಎರಡನೇ ಮಹಾಯುದ್ಧದಲ್ಲಿ ಜಪಾನಿ ವಿಮಾನಗಳ ಭಯಕ್ಕೆ ಮಾರ್ಜರಿಯ ತಾಯಿ ಇದೇ ಜಾಗದಲ್ಲಿ ಕಂದಕ ತೋಡಿದ್ದಳಂತೆ, ಒಬ್ಬಳೇ. ತಂದೆ ನ್ಯೂಗಿನಿಯಲ್ಲಿ ಯುದ್ಧದಲ್ಲಿದ್ದ. ಸೈರನ್ ಕೂಗಿದರೆ ಮಕ್ಕಳನ್ನು ತಿರುವಿನ ಆಚೆ ಇಬ್ಬರು, ಈಚೆ ಇಬ್ಬರು ಎಂದು ಕೂರಿಸುತ್ತಿದ್ದಳಂತೆ.

‘ನೇರ ಇದ್ರೆ ಬಾಂಬಿನ ಚೂರು ಈ ತುದಿಯಿಂದ ಆ ತುದೀವರೆಗೂ ಹಾರತ್ತೆ. ತಿರುವಿದ್ರೆ ಇಬ್ರಾದ್ರೂ ಉಳೀತಾರೆ, ಅಂತಿದ್ಲು ಅಮ್ಮ,’ ಎಂದು ಮಾರ್ಜರಿ ಊರುಗೋಲಿನ ತುದಿಯಿಂದ ಆ ಕಟ್ಟೆ ಮುಟ್ಟಿದಳು. ‘ಇದು ನನ್ನ ಜಾಗ. ಇಲ್ಲಿ ತಿರುಗಿಸು ಅಂತ ನಿಂಗೆ ಯಾರು ಹೇಳಿದ್ದು?’

‘ನನ್ನ ಹೆಂಡತಿ’ ಎನ್ನಲು ಬಾಯಿ ತೆರೆದೆ. ಆದರೆ ವಿಮಲಾಳಿಗೆ ಇದೊಂದೂ ಗೊತ್ತಿರಲಿಲ್ಲ.

ಕರಿಬೇವನ್ನು ತಿರುವಿನಲ್ಲಿ ನೆಟ್ಟು, ಉಳಿದದ್ದನ್ನು ಮಣ್ಣು ಎಳೆದು ಮುಚ್ಚಿದೆ.

ಹಿಂದೊಮ್ಮೆ ಅಗೆದು ಮುಚ್ಚಿದ ಮಣ್ಣು ಸಡಿಲವಾಗಿರುತ್ತದೆ, ಸಲಿಕೆ ಅದನ್ನೇ ಹಿಡಿದು ಹೋಯಿತು ಎಂದು ನನಗೆ ನಾನೇ ವಾದಿಸಿ ನೋಡಿದ್ದೇನೆ. ಕಂದಕದ ಮಟ್ಟಿಗೆ ಅದನ್ನು ಒಪ್ಪಬಹುದು. ಕಿವಿಗೆ ಬಿದ್ದ ಆ ಮಾತಿಗೆ ಈ ವಿವರಣೆ ಸಾಲದು. ದನಿ ವಿಮಲಾಳದೇ, ಕರೆದ ರೀತಿಯೂ ಅವಳದೇ; ಆಡಿದ ಮಾತು ಮಾತ್ರ ಇನ್ನಾರೋ ತಾಯಿಯದು. ಅವಳು ಹೋದ ಮೇಲೆ ನಾನು ಒಂಟಿಯಲ್ಲ ಎನಿಸಿದ್ದು ಆ ಒಂದು ದಿನ ಮಾತ್ರ.

ಯಾವಾಗ ಬರ್ತೀರಿ ಎಂದು ಸ್ಮಿತಾ ಈಗಲೂ ಕೇಳುತ್ತಾಳೆ. ಮುಂದಿನ ವರ್ಷ ಎನ್ನುತ್ತೇನೆ. ಈ ಮನೆ ಬಿಟ್ಟರೆ ನಾನು ಬಿಟ್ಟು ಹೋಗುವುದು ಯಾರನ್ನು ಎಂಬುದು ನನಗಿನ್ನೂ ಗೊತ್ತಾಗಿಲ್ಲ.