ಫೇಶಿಯಲ್ ಮಾಡಿಸಿಕೊಂಡ ಮಧ್ಯಾಹ್ನ

ಸಣ್ಣ ಅಂಗಡಿ ನಡೆಸುವವರ ಮನಸ್ಸಿನ ಕಷ್ಟ ಕೇಳುವ ಆಪ್ತಸಮಾಲೋಚಕಿ ನಾನು. ಪಾಂಡವಪುರದಲ್ಲಿ ಬ್ಯೂಟಿಪಾರ್ಲರ್ ನಡೆಸುವ ಸವಿತಾ ಮಾತ್ರ ಬಾಯಿಯೇ ಬಿಡಲಿಲ್ಲ. "ಸುಮ್ನೆ ಕೂತ್ಕಂಡ್ರೆ ಮಾತು ಬರಕಿಲ್ಲ ಅಕ್ಕ, ಫೇಶಿಯಲ್ ಮಾಡ್ತೀನಿ ಬನ್ನಿ" ಅಂದಳು. ಮುಖಕ್ಕೆ ಮುಲ್ತಾನಿ ಮಿಟ್ಟಿ ಮೆತ್ತಿ, "ತುಟಿ ಅಳ್ಳಾಡಿಸ್ಬ್ಯಾಡಿ, ಬಿರುಕು ಬುಡ್ತದೆ" ಅಂತ ಗದರಿದಳು.

ನನ್ನ ಬಾಯಿ ಮುಚ್ಚಿದ್ದೇ ತಡ, ಅವಳದು ತೆರೆಯಿತು. ಎದುರಿಗೇ ಹೊಸ ಪಾರ್ಲರ್ ಬಂದಿದೆ, ನಿದ್ದೆಯಿಲ್ಲ, ಬೆಳಿಗ್ಗೆ ಶಟರ್ ಎತ್ತಲು ಮನಸ್ಸೇ ಬರುವುದಿಲ್ಲ. "ಒಂದೊಂದ್ಸಲ ಬದುಕೋದೇ ಬ್ಯಾಡ ಅನ್ನುಸ್ತದೆ ಕಣಕ್ಕ."

ಗಾಬರಿಯಾಗಿ ಏಳಹೋದೆ. ಹೆಗಲು ಒತ್ತಿ ಕೂರಿಸಿದಳು. ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡೆ, ಅಷ್ಟೆ. ಅವಳು ಮನಸಾರೆ ಅತ್ತು, ನನ್ನ ಮುಖ ತೊಳೆದು, "ಶಟರ್ ಎಳೀತೀನಿ, ಈಗ್ಲೇ ಡಾಕ್ಟ್ರತ್ರ ಕರ್ಕಂಡೋಗಿ" ಅಂದಳು.

ಆಗಲೇ ಕರೆದುಕೊಂಡು ಹೋದೆ; ಈಗ ಅವಳಿಗೆ ನಿದ್ದೆ ಬರುತ್ತದಂತೆ. ನಾನು ಹೇಳಬೇಕೆಂದಿದ್ದ ಬುದ್ಧಿಮಾತುಗಳೆಲ್ಲ ಆ ಮಣ್ಣಿನ ಜೊತೆಗೇ ತೊಳೆದುಹೋಗಿದ್ದವು, ಸದ್ಯ.