ನೀಲಿ ಬಾಟಲಿ ಮತ್ತು ನಮ್ಮ ರಾಜ

ಇವತ್ತು ಬೆಳಿಗ್ಗೆ ಎದುರು ಮನೆಯ ಈರಮ್ಮ ಖಾಲಿ ಬಾಟಲಿಯೊಂದನ್ನು ಹಿಡಿದು ಬಂದಳು. "ಯಕ್ಕಾ, ಒಂಚೂರು ನೀಲಿ ಇದ್ರ ಹಾಕು. ನಮ್ಮ ನಾಯಿ ಮರಿ ಇದ್ದಾಗ ಚಲೋ ಇತ್ತು, ಈಗ ಮನಿಯಾಗೆಲ್ಲಾ ಕಾಲೆತ್ತಾಕತ್ತೈತಿ." ಬಟ್ಟೆಗೆ ಹಾಕುವ ನೀಲಿಯನ್ನು ನೀರಿಗೆ ಕಲಸಿ ಬಾಗಿಲಲ್ಲಿಟ್ಟರೆ ನಾಯಿ ಅಲ್ಲಿ ಉಚ್ಚೆ ಹೊಯ್ಯುವುದಿಲ್ಲ ಎಂಬುದು ತೆಲುಗು ಗಡಿಯ ನಮ್ಮ ಆಲೂರಿನ ಓಣಿ ಓಣಿಯ ನಂಬಿಕೆ. ನಿಮ್ಮ ಊರಲ್ಲೂ ನೋಡಿರುತ್ತೀರಿ. ನೀಲಿಯ ಡಬ್ಬಿಗೆ ಕೈ ಹಾಕಿದವಳು ಹಾಗೇ ನಿಂತುಬಿಟ್ಟೆ.

ನಮ್ಮ ಮನೆಯಲ್ಲೂ ಒಬ್ಬನಿದ್ದ. ಹೆಸರು ರಾಜ, ಎತ್ತರ ಒಂದು ಗೇಣು. ಬೆಕ್ಕು ಗುರ್ ಎಂದರೆ ನನ್ನ ಸೀರೆಯ ನೆರಿಗೆಯಲ್ಲಿ ಅಡಗುವಷ್ಟು ಧೈರ್ಯ. ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮಷೀನಿನ ಸದ್ದಿಗೆ ಅವನಿಗೆ ನಿದ್ದೆ, ಸದ್ದು ನಿಂತರೆ ಎಚ್ಚರ. ವರ್ಷ ತುಂಬುವ ಹೊತ್ತಿಗೆ ಶುರುವಾಯಿತು ನೋಡಿ. ಯಾರು ಬಟ್ಟೆಯ ಗಂಟು ತಂದಿಟ್ಟರೂ ಗಂಭೀರವಾಗಿ ಮೂಸಿ, ಕಾಲೆತ್ತಿ, ನಾಲ್ಕು ಹನಿ ಬಿಟ್ಟು, ದೊಡ್ಡ ಕೆಲಸ ಮುಗಿಸಿದವರಂತೆ ಬಂದು ಮಲಗುವುದು. ಹೊರಗೆ ಎಷ್ಟು ಸಲ ಹೋಗಿ ಬಂದರೂ ಗಂಟಿಗೆಂದು ಆ ನಾಲ್ಕು ಹನಿ ಉಳಿಸಿಕೊಂಡಿರುತ್ತಿದ್ದ.

"ಕೊಬ್ಬು ನಿನಗ!" ಎಂದು ಬೈಯುತ್ತಿದ್ದೆ. ಕಿವಿ ಹಿಡಿದು ಆ ಒದ್ದೆಗೆ ಅವನ ಮೂತಿ ತಿಕ್ಕಿದ್ದೂ ಉಂಟು. ಹೇಳಲು ಈಗ ನಾಚಿಕೆಯಾಗುತ್ತದೆ. ಮನೆಯೆಲ್ಲ ಫಿನಾಯಿಲ್ ಸುರಿದೆ. ಕೊನೆಗೆ ನೀಲಿ ಬಾಟಲಿ: ಬಾಗಿಲಿಗೆ ಎರಡು, ಮಷೀನಿಗೊಂದು, ಬಟ್ಟೆಯ ಮೂಲೆಗೊಂದು. ನಾಲ್ಕನೆಯದರ ಮುಚ್ಚಳ ಸಿಗಲಿಲ್ಲ, ಇರಲಿ ಎಂದು ಹಾಗೇ ಇಟ್ಟೆ. ರಾಜ ಹೊಸ ಬಾಟಲಿಯನ್ನು ಮೂಸಿದ, ಕಾಲೆತ್ತಿದ, ಬಾಟಲಿ ಉರುಳಿತು. ಮದುಮಗಳೊಬ್ಬಳ ಕುಪ್ಪಸಕ್ಕೆಂದು ಆದೋನಿಯಿಂದ ತಂದಿದ್ದ ಹಳದಿ ರೇಷ್ಮೆಯ ಮೇಲೆಲ್ಲ ನೀಲಿ ಹರಿಯಿತು.

ಮದುಮಗಳ ತಾಯಿ ಕೂಗಾಡಲಿಲ್ಲ. "ನಾಯಿ ಸಾಕ್ತೀಯೋ, ಬಟ್ಟಿ ಹೊಲಿತೀಯೋ, ಒಂದು ಹೇಳವ್ವ," ಎಂದಳು, ಅಷ್ಟೆ. ಮುಚ್ಚಳದ ವಿಷಯ ನಾನು ಬಾಯಿ ಬಿಡಲಿಲ್ಲ. ತಪ್ಪೆಲ್ಲ ರಾಜನ ತಲೆಗೆ ಕಟ್ಟಿದೆ. ಹೊಳಗುಂದದಲ್ಲಿ ಕುರಿ ಸಾಕುವ ಸೋದರಮಾವನಿಗೆ ಆ ವಾರವೇ ಅವನನ್ನು ಒಪ್ಪಿಸಿ ಬಂದೆ.

ಎರಡು ವರ್ಷ ಕಳೆದ ಮೇಲೆ ಓಣಿಯ ಎಮ್ಮೆಯೊಂದನ್ನು ನೋಡಲು ಪಶುವೈದ್ಯರು ಬಂದಿದ್ದರು. ಮಾತಿಗೆ ಮಾತು ಬಂದು ರಾಜನ ಕಥೆ ಹೇಳಿದೆ, ನಗಿಸಬೇಕೆಂದೇ. ಅವರು ನಗಲಿಲ್ಲ. "ಅದಿ ಕೊವ್ವು ಕಾದಮ್ಮಾ," ಎಂದು ತೆಲುಗಿನಲ್ಲಿ ಶುರುಮಾಡಿ, ನನ್ನ ಮುಖ ನೋಡಿ ಕನ್ನಡಕ್ಕೆ ಹೊರಳಿದರು. "ಅದು ಕೊಬ್ಬಲ್ಲವ್ವಾ. ಬ್ಯಾರೇರ ವಾಸನಿ ಬಂದ್ರ, ಇದು ನನ್ನ ಮನಿ ಅಂತ ಗಂಡುನಾಯಿ ಗುರುತು ಹಾಕತೈತಿ. ಸಣ್ಣದೊಂದು ಆಪರೇಷನ್ ಮಾಡಿಸಿ, ವಾಸನಿ ಪೂರಾ ಹೋಗೋ ಹಂಗ ತೊಳದು, ಗಂಟು ಮ್ಯಾಲ ಇಟ್ಟಿದ್ರ ಭಾಳ ಕಮ್ಮಿ ಆಗತಿತ್ತು."

ಇದು ನನ್ನ ಮನೆ ಎಂದು ದಿನವೂ ಹೇಳುತ್ತಿದ್ದವನನ್ನು ನಾನು ಆ ಮಾತಿಗೇ ಮನೆಯಿಂದ ಹೊರಗೆ ಹಾಕಿದ್ದೆ.

ಮರುದಿನವೇ ಹೊಳಗುಂದದ ಬಸ್ಸು ಹತ್ತಿದೆ. ಕರೆದುಕೊಂಡೇ ಬರಬೇಕೆಂದು ಚೀಲದಲ್ಲಿ ಹೊಸ ಹಗ್ಗ ಇಟ್ಟುಕೊಂಡಿದ್ದೆ. ರಾಜ ಮಾವನ ಹೊಸ್ತಿಲ ಮೇಲೆ ಕೂತಿದ್ದ. ಬಾಲ ಆಡಿಸಿದ, ಕೈ ನೆಕ್ಕಿದ. ನನಗೆ ಕಣ್ಣು ತುಂಬಿ ಬಂತು. ಒಳಗೆ ಹೋಗಿ ಚೀಲವನ್ನು ಗೋಡೆಗೆ ಒರಗಿಸಿ ನೀರು ಕುಡಿಯುತ್ತಿದ್ದೆ. ಹಿಂದೆಯೇ ಬಂದವನು ಚೀಲವನ್ನು ಗಂಭೀರವಾಗಿ ಮೂಸಿದ, ಕಾಲೆತ್ತಿದ, ನಾಲ್ಕು ಹನಿ ಬಿಟ್ಟ. ಆಮೇಲೆ ಮಾವನ ಕಾಲ ಬಳಿ ಹೋಗಿ ಮಲಗಿದ.

"ಲೇ, ಅದು ನಮ್ಮ ಮನಿ ಮಗಳ ಚೀಲಲೇ!" ಎಂದು ಮಾವ ಕೈ ಎತ್ತಿದ.

"ಹೊಡಿಬ್ಯಾಡ್ರಿ ಮಾವ," ಎಂದೆ. "ಯಾರ ಚೀಲ ಅಂತ ಅದಕ ಸರಿಯಾಗೇ ಗೊತ್ತೈತಿ."

ಹಗ್ಗವನ್ನು ನಾನು ಚೀಲದಿಂದ ಹೊರಗೆ ತೆಗೆಯಲಿಲ್ಲ.

ಈರಮ್ಮ ಇನ್ನೂ ಬಾಟಲಿ ಹಿಡಿದೇ ನಿಂತಿದ್ದಳು. "ನೀಲಿ ಇಲ್ಲೇನಕ್ಕಾ?"

"ಐತಿ, ಕೊಡಂಗಿಲ್ಲ," ಎಂದು ಡಬ್ಬಿಯ ಮುಚ್ಚಳ ಒತ್ತಿ ಹಾಕಿದೆ. "ಹೋಗು, ನಾಯಿ ಎತ್ತಿಕೊಂಡು ಬಾ. ಡಾಕ್ಟರ್ ಹತ್ರ ಇಬ್ರೂ ಹೋಗೋಣ."

ಅರ್ಧ ಹೊಲಿದ ಕುಪ್ಪಸವನ್ನು ಮಷೀನಿನ ಮೇಲೆ ಹಾಗೇ ಬಿಟ್ಟು ಚಪ್ಪಲಿ ಮೆಟ್ಟಿದೆ.